ಮೀನಿನ ಟ್ಯಾಂಕಿಗೆ ನೀರು ಬಿಡಲು ಯಾವ ಪೈಪು ತೆಗೆದುಕೊಳ್ಳಬೇಕು? ನಮ್ಮ ಕಾಸರಗೋಡಿನ ನೀರಿಗೆ ಹೊಂದುವ ಲೆಕ್ಕ

ಒಂದೇ ತಿಂಗಳಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದರು. ಒಬ್ಬ ಕಾಸರಗೋಡು ಪೇಟೆಯ ಗೆಳೆಯ, ಅವನ ಮನೆಗೆ ನಲ್ಲಿ ನೀರು ಬರುತ್ತದೆ. ಇನ್ನೊಬ್ಬ ಪೆರ್ಲದ ಕಡೆಯ ನಮ್ಮ ಸಂಬಂಧದ ಹುಡುಗ, ಅವರದ್ದು ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದಿಂದ ಬರುವ ನೀರು. ಮೂರನೆಯವರು ಬದಿಯಡ್ಕದ ಒಬ್ಬರು ಮೇಷ್ಟ್ರು, ಬಾವಿಗೆ ಪಂಪು ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಿಕೊಳ್ಳುತ್ತಾರೆ. ಮೂವರ ಮನೆಯಲ್ಲೂ ಅಕ್ವೇರಿಯಂ ಇದೆ. ಮೂವರಿಗೂ ಬಕೆಟ್ ಹೊತ್ತು ಸಾಕಾಗಿದೆ. "ಯಾವ ಪೈಪು ತಗೊಳ್ಳಲಿ? ಹಸಿರು ಹೋಸ್ ಆಗ್ತದಾ?" ಅಂತ ಕೇಳಿದರು. ಒಂದು ಸಾಲಿನಲ್ಲಿ ಉತ್ತರ ಹೇಳಿದರೆ ತಪ್ಪಾಗುತ್ತದೆ, ಯಾಕೆಂದರೆ ಮೂವರ ನೀರೂ ಬೇರೆ, ಟ್ಯಾಂಕೂ ಬೇರೆ, ಸಾಕಿದ ಮೀನೂ ಬೇರೆ.

ಮೊದಲು ನನ್ನ ಮನೆಯಲ್ಲೇ ಆದದ್ದನ್ನು ಹೇಳಿಬಿಡುತ್ತೇನೆ. ಎರಡು ಅಡಿಯ ಒಂದು ಟ್ಯಾಂಕಿನಲ್ಲಿ ಚೆರ್ರಿ ಸಿಗಡಿ ಮತ್ತು ಗಪ್ಪಿ ಇದ್ದವು. ಸಿಗಡಿಗಳು ಮರಿ ಹಾಕಿ ತುಂಬಿಕೊಂಡಿದ್ದವು, ಪಾಚಿಯ ಮೇಲೆ ಕೆಂಪು ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಡಿಕೆಗೆ ಎರಡನೇ ಸಲ ಮದ್ದು ಬಿಟ್ಟ ಹೊತ್ತು ಅದು. ಅಂಗಳದಲ್ಲಿ ಸುತ್ತಿಟ್ಟಿದ್ದ ಪೈಪನ್ನು ನಲ್ಲಿಗೆ ಸಿಕ್ಕಿಸಿ ನಾನೇ ಟ್ಯಾಂಕಿಗೆ ನೀರು ಬಿಟ್ಟೆ. ಆ ಪೈಪಿನಲ್ಲೇ ಹಿಂದಿನ ವಾರ ಅಡಿಕೆಗೆ ಬಿಡುವ ಬೋರ್ಡೋ ಮದ್ದಿನ ಡ್ರಮ್ಮಿಗೆ ನೀರು ತುಂಬಿಸಿದ್ದರು, ಅದರ ತುದಿ ಡ್ರಮ್ಮಿನ ಮದ್ದಿನಲ್ಲೇ ಮುಳುಗಿಕೊಂಡಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಪೈಪಿನ ತುದಿಯ ಒಳಗೆ ಬೆರಳು ಹಾಕಿ ಒರೆಸಿದರೆ ತಿಳಿ ನೀಲಿ ಪುಡಿ ಅಂಟಿಕೊಂಡಿತು. ಬೆಳಗಾಗುವಾಗ ಸಿಗಡಿ ಒಂದೂ ಉಳಿದಿರಲಿಲ್ಲ. ಗಪ್ಪಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು, ಅವುಗಳಲ್ಲಿ ಅರ್ಧ ಮಾತ್ರ ಬದುಕಿದವು.

ಬೋರ್ಡೋ ಅಂದರೆ ಮೈಲುತುತ್ತು ಮತ್ತು ಸುಣ್ಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಉಪ್ಪು. ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವುದೂ ಅದೇ ತಾಮ್ರ, ಸಿಗಡಿಯನ್ನು ಕೊಲ್ಲುವುದೂ ಅದೇ. ಸಿಗಡಿ, ಬಸವನ ಹುಳುಗಳಿಗೆ ತಾಮ್ರ ತೀರಾ ಸ್ವಲ್ಪ ಇದ್ದರೂ ಆಗುವುದಿಲ್ಲ. ಹಾಗಾಗಿ ಅಡಿಕೆ ತೋಟ ಇರುವ ಮನೆಯವರಿಗೆ ನಾನು ಹೇಳುವ ಮೊದಲ ಮಾತು ಪೈಪಿನ ಜಾತಿಯ ಬಗ್ಗೆ ಅಲ್ಲ. ಯಾವ ಪೈಪೇ ಆಗಲಿ, ಅದು ಮೀನಿಗೆ ಮಾತ್ರ ಇರಲಿ. ತೋಟದ ಪೈಪನ್ನು ಎಷ್ಟು ತೊಳೆದರೂ ಟ್ಯಾಂಕಿಗೆ ತರಬೇಡಿ.

ಆರಿಸುವ ಮೊದಲು ನೋಡಬೇಕಾದದ್ದು

ಪೈಪಿನಿಂದ ನೀರಿಗೆ ಏನು ಇಳಿಯುತ್ತದೆ ಅನ್ನುವುದು ಮೊದಲನೆಯದು. ನಮ್ಮ ಊರಿನವರು ಇದನ್ನು ಬೇರೆ ಕಡೆಯವರಿಗಿಂತ ಜಾಸ್ತಿ ಯೋಚಿಸಬೇಕು. ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ನೀರು ತುಂಬ ಮೃದು, ಸ್ವಲ್ಪ ಹುಳಿ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು ಅನ್ನುತ್ತಾರೆ, ನಮ್ಮ ಎಷ್ಟೋ ಬಾವಿಗಳ ನೀರು 6ರ ಹತ್ತಿರ, ಕೆಲವು ಕಡೆ ಇನ್ನೂ ಕೆಳಗೆ ಇರುತ್ತದೆ. ಅಂಥ ನೀರು ಲೋಹವನ್ನು ನಿಧಾನವಾಗಿ ತಿನ್ನುತ್ತದೆ. ಗಡಸು ನೀರಿನಲ್ಲಿ ಪೈಪಿನ ಒಳಗೆ ಸುಣ್ಣದ ಪದರ ಕಟ್ಟಿಕೊಂಡು ಲೋಹವನ್ನು ಮುಚ್ಚುತ್ತದೆ, ನಮ್ಮಲ್ಲಿ ಆ ಪದರವೇ ಕಟ್ಟುವುದಿಲ್ಲ. ಇನ್ನೊಂದು ತೊಂದರೆ ಏನೆಂದರೆ, ಅಷ್ಟೇ ತಾಮ್ರ ಗಡಸು ನೀರಿಗೆ ಸೇರಿದರೆ ಮೀನಿಗೆ ಆಗುವ ಹಾನಿ ಕಡಿಮೆ, ಮೃದು ನೀರಿಗೆ ಸೇರಿದರೆ ಜಾಸ್ತಿ. ವಿಜಯಪುರದ ಕಡೆಯ ಗಡಸು ನೀರಿನಲ್ಲಿ ಮೀನು ಸಾಕುವವರು "ನಮಗೆ ಹಿತ್ತಾಳೆ ವಾಲ್ವಿನಿಂದ ಏನೂ ಆಗಿಲ್ಲ" ಅಂದರೆ ಅದು ನಿಜವೇ ಇರಬಹುದು, ಆದರೆ ಅದನ್ನು ನೋಡಿ ನೀವು ಬದಿಯಡ್ಕದಲ್ಲಿ ಹಾಗೆ ಮಾಡಲು ಹೋಗಬೇಡಿ.

ಎರಡನೆಯದು, ನೀರು ಪೈಪಿನೊಳಗೆ ಎಷ್ಟು ಹೊತ್ತು ನಿಲ್ಲುತ್ತದೆ. ಎರಡು ನಿಮಿಷ ಹರಿದು ಹೋಗುವ ನೀರಿಗೆ ಪೈಪಿನಿಂದ ಇಳಿಯುವುದು ತೀರಾ ಕಡಿಮೆ. ರಾತ್ರಿಯಿಡೀ ನಿಂತ ನೀರಿಗೆ, ಅದರಲ್ಲೂ ಬಿಸಿಲಲ್ಲಿ ಕಾದ ಪೈಪಿನಲ್ಲಿ ನಿಂತ ನೀರಿಗೆ ಜಾಸ್ತಿ. ಒಳಗಿನ ಅಗಲ 12 ಮಿಲಿಮೀಟರ್ ಇರುವ 15 ಮೀಟರ್ ಪೈಪಿನಲ್ಲಿ ಸುಮಾರು 1.7 ಲೀಟರ್ ನೀರು ಹಿಡಿಯುತ್ತದೆ. ಮುಕ್ಕಾಲು ಇಂಚಿನದ್ದಾದರೆ 4 ಲೀಟರಿಗೂ ಸ್ವಲ್ಪ ಮೇಲೆ. ಅಷ್ಟು ನೀರನ್ನು ಬಾಳೆಬುಡಕ್ಕೆ ಬಿಟ್ಟು, ಆಮೇಲೆ ಟ್ಯಾಂಕಿಗೆ ಹಿಡಿದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಮೂರನೆಯದು, ಪೈಪು ತೊಳೆಯಲು, ಒಣಗಿಸಲು, ಸುತ್ತಿಡಲು ಸುಲಭವಾ, ನಮ್ಮ ಚಳಿಯಿಲ್ಲದ ಆದರೆ ಯಾವಾಗಲೂ ಪಸೆ ಇರುವ ಹವೆಯಲ್ಲಿ ಒಳಗೆ ಲೋಳೆ ಕಟ್ಟುತ್ತದಾ ಅನ್ನುವುದು. ಆಮೇಲೆ ದುಡ್ಡು.

ಇನ್ನೊಂದು ವಿಷಯ ತುಂಬ ಜನ ಗಮನಿಸುವುದಿಲ್ಲ. ನೀರು ತೆಗೆಯುವ ಪೈಪು ಬೇರೆ, ನೀರು ತುಂಬಿಸುವ ಪೈಪು ಬೇರೆ. ಟ್ಯಾಂಕಿನ ಕೊಳೆ ನೀರನ್ನು ಅಂಗಳಕ್ಕೆ ಎಳೆಯುವ ಪೈಪಿಗೆ ದುಡ್ಡು ಸುರಿಯಬೇಕಾಗಿಲ್ಲ. ನೀರು ಹೊರಗೆ ಹೋಗುತ್ತದೆ, ಮೀನಿನ ಹತ್ತಿರ ವಾಪಸ್ ಬರುವುದಿಲ್ಲ. ಪೈಪಿನ ತುದಿ ಟ್ಯಾಂಕಿನಲ್ಲಿ ಮುಳುಗುವುದು ಐದು ಹತ್ತು ನಿಮಿಷ ಮಾತ್ರ, ಮದ್ದು ಮುಟ್ಟದ ಸ್ವಚ್ಛ ಪೈಪು ಆದರೆ ಸಾಕು. ನಿಮ್ಮ ಬಜೆಟ್ ಕಡಿಮೆ ಇದ್ದರೆ ದುಡ್ಡನ್ನೆಲ್ಲ ತುಂಬಿಸುವ ಪೈಪಿಗೆ ಇಡಿ.

ಬಕೆಟ್ಟೇ ಸಾಕಾ?

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ ಹಿಡಿಯುವುದು ಸುಮಾರು 56 ಲೀಟರ್. ವಾರಕ್ಕೆ ಕಾಲು ಭಾಗ ಬದಲಿಸಿದರೆ 14 ಲೀಟರ್, ಅಂದರೆ ಒಂದೇ ಬಕೆಟ್. ಇಷ್ಟಕ್ಕೆ ಪೈಪು ತರುವ ಅಗತ್ಯವೇ ಇಲ್ಲ. ನೀರು ತೆಗೆಯಲು ಎರಡು ಮೀಟರ್ ಸಣ್ಣ ಪೈಪು, ಹಾಕಲು ಒಂದು ಬಕೆಟ್, ಒಂದು ಮಗ್ಗು. ಬಕೆಟ್ಟಿನ ದೊಡ್ಡ ಲಾಭ ಏನೆಂದರೆ ನೀರು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಮುಟ್ಟಿ ನೋಡಬಹುದು, ಮೂಸಿ ನೋಡಬಹುದು, ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ಆ್ಯಂಟಿ ಕ್ಲೋರಿನ್ ಅಳೆದು ಹಾಕಬಹುದು. ಬಟ್ಟೆ ಒಗೆಯುವ ಬಕೆಟ್ ಮಾತ್ರ ಬೇಡ, ಸಾಬೂನಿನ ಅಂಶ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಉಳಿದಿರುತ್ತದೆ.

ಮೂರು ಅಡಿಯ ಟ್ಯಾಂಕ್ ಅಂದರೆ ಕಥೆ ಬೇರೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ 190 ಲೀಟರ್. ಶೇಕಡಾ 30 ಅಂದರೆ ನಾಲ್ಕು ಬಕೆಟ್. ಪ್ರತಿ ವಾರ ನಾಲ್ಕು ಬಕೆಟ್ ಹೊತ್ತು ಎದೆಯೆತ್ತರಕ್ಕೆ ಎತ್ತಿ ಸುರಿಯುವುದು ಒಂದೆರಡು ತಿಂಗಳು ನಡೆಯುತ್ತದೆ, ಆಮೇಲೆ ವಾರ ಹದಿನೈದು ದಿನ ಆಗುತ್ತದೆ, ಹದಿನೈದು ದಿನ ತಿಂಗಳಾಗುತ್ತದೆ. ಮೀನು ಸಾಯುವುದು ಹೆಚ್ಚಾಗಿ ಹೀಗೆಯೇ. ಬೆನ್ನು ನೋವು ಇರುವವರು, ವಯಸ್ಸಾದವರು ಇಲ್ಲಿಂದಲೇ ಪೈಪಿನ ಯೋಚನೆ ಮಾಡುವುದು ಒಳ್ಳೆಯದು.

ಹಸಿರು ಗಾರ್ಡನ್ ಹೋಸ್

ಕಡಿಮೆ ಬೆಲೆ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಇದು ಮೆದು ಪಿವಿಸಿ. ಪಿವಿಸಿ ಅಂದರೆ ಮೂಲದಲ್ಲಿ ಗಟ್ಟಿ ವಸ್ತು, ಅದನ್ನು ಬಾಗುವ ಹಾಗೆ ಮಾಡಲು ಎಣ್ಣೆಯಂಥ ಮೆದುಕಾರಕ ಸೇರಿಸುತ್ತಾರೆ. ಹೊಸ ಹೋಸಿನ ಆ ಗಾಢ ವಾಸನೆಯಲ್ಲಿ ಅದರ ಪಾಲು ದೊಡ್ಡದು. ಗಿಡಕ್ಕೆ ನೀರು ಬಿಡಲೆಂದೇ ಮಾಡಿದ ಪೈಪಿಗೆ ಕುಡಿಯುವ ನೀರಿನ ನಿಯಮ ಅನ್ವಯಿಸುವುದಿಲ್ಲ, ಹಳೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಮಾಡಿದ್ದೂ ಇರುತ್ತದೆ, ಅದರೊಳಗೆ ಏನಿತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಹೋಸುಗಳ ತುದಿಗೆ ಹಿತ್ತಾಳೆಯ ಜೋಡಣೆ ಬೇರೆ.

ಹಾಗಂತ ಹಸಿರು ಹೋಸಿನಲ್ಲಿ ನೀರು ಬಿಟ್ಟವರ ಮೀನೆಲ್ಲ ಸತ್ತಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಗೋಲ್ಡ್ ಫಿಶ್, ಗಪ್ಪಿ, ಮೋಲಿ ಸಾಕುವ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಅದೇ ನಡೆದಿದೆ. ನನ್ನ ಲೆಕ್ಕ ಇಷ್ಟು: ನೀರು ತೆಗೆಯಲು ಧಾರಾಳವಾಗಿ ಬಳಸಿ. ತುಂಬಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಹೊಸದು ತನ್ನಿ, ನೆರಳಲ್ಲಿಡಿ, ಮೊದಲ ಒಂದೆರಡು ಬಕೆಟ್ ನೀರನ್ನು ಗಿಡಕ್ಕೆ ಬಿಡಿ. ಸಿಗಡಿ, ಮೀನಿನ ಮರಿ, ಡಿಸ್ಕಸ್ ಇರುವ ಟ್ಯಾಂಕಿಗೆ ಮಾತ್ರ ಬೇಡ.

ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಪೈಪಿನಿಂದ ಒಂದು ಮೀಟರ್ ತುಂಡನ್ನು ತೊಳೆದು, ನೀರು ತುಂಬಿಸಿ, ಎರಡು ತುದಿಯನ್ನೂ ಮೇಲಕ್ಕೆ ಕಟ್ಟಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಆ ನೀರನ್ನು ಒಂದು ಸ್ಟೀಲ್ ಲೋಟಕ್ಕೆ, ಬಾವಿಯ ನೀರನ್ನು ಇನ್ನೊಂದು ಲೋಟಕ್ಕೆ ಹಾಕಿ. ಎರಡನ್ನೂ ಅಂಗೈಯಿಂದ ಮುಚ್ಚಿ ಒಮ್ಮೆ ಅಲ್ಲಾಡಿಸಿ, ತೆಗೆದು ಮೂಸಿ. ಕುಡಿಯಬೇಡಿ. ವಾಸನೆಯಲ್ಲಿ ವ್ಯತ್ಯಾಸ ಗೊತ್ತಾದರೆ ಆ ಪೈಪು ತುಂಬಿಸಲು ಬೇಡ. ವಾಸನೆ ಇಲ್ಲ ಅಂದಾಕ್ಷಣ ಸುರಕ್ಷಿತ ಅಂತಲ್ಲ, ಲೋಹಕ್ಕೆ ವಾಸನೆ ಇರುವುದಿಲ್ಲ. ಆದರೆ ತೀರಾ ಕೆಟ್ಟ ಪೈಪು ಈ ಲೋಟದಲ್ಲೇ ಸಿಕ್ಕಿಬೀಳುತ್ತದೆ.

ಲೆವೆಲ್ ಪೈಪು ಮತ್ತು ನೂಲು ಹೆಣೆದ ಪೈಪು

ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಹಿಡಿಯುವ ಪಾರದರ್ಶಕ ಪೈಪು ಗೊತ್ತಲ್ವಾ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸೈಫನ್ ಪೈಪೂ (ಪಂಪಿಲ್ಲದೆ ಟ್ಯಾಂಕಿನ ನೀರನ್ನು ಕೆಳಕ್ಕೆ ಇಳಿಸುವ ಪೈಪು) ಹೆಚ್ಚು ಕಡಿಮೆ ಅದೇ. ಒಳಗೆ ಹರಿಯುವುದು ಕಾಣುತ್ತದೆ, ಮರಿ ಮೀನು ಸಿಕ್ಕಿಹಾಕಿಕೊಂಡರೆ ತಕ್ಷಣ ಗೊತ್ತಾಗುತ್ತದೆ. ನೀರು ತೆಗೆಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಆದರೆ ನಲ್ಲಿಯ ಒತ್ತಡಕ್ಕೆ ಕೊಟ್ಟರೆ ಉಬ್ಬಿ ಕಳಚಿಕೊಳ್ಳುತ್ತದೆ. ಬೆಳಕು ಬಿದ್ದರೆ ಒಳಗೆ ಹಸಿರು ಪಾಚಿ ಕಟ್ಟುತ್ತದೆ. ಎರಡು ವರ್ಷದಲ್ಲಿ ಹಳದಿಯಾಗಿ ಬಿರುಸಾಗುತ್ತದೆ, ಮಡಚಿದ ಕಡೆ ನೀರು ನಿಲ್ಲುತ್ತದೆ.

ತುಂಬಿಸಲು ಬೇಕಾದರೆ ಅದೇ ಪಾರದರ್ಶಕ ಪೈಪಿನ ಗೋಡೆಯೊಳಗೆ ನೂಲಿನ ಬಲೆ ಇರುವುದನ್ನು ಕೇಳಿ. ಪಂಪಿನ ಒತ್ತಡ ತಡೆಯುತ್ತದೆ, ಸುಲಭವಾಗಿ ಮಡಚಿಕೊಳ್ಳುವುದಿಲ್ಲ. ಇದರಲ್ಲಿ ಫುಡ್ ಗ್ರೇಡ್ ಅಂತ ಪೈಪಿನ ಮೈಮೇಲೇ ಅಚ್ಚು ಹಾಕಿದ್ದು ಸಿಗುತ್ತದೆ, ಹಾಲು ಮತ್ತು ಜ್ಯೂಸಿನ ಕೆಲಸಕ್ಕೆ ಬಳಸುವಂಥದ್ದು. ಬೆಲೆ ಹಸಿರು ಹೋಸಿಗಿಂತ ಜಾಸ್ತಿ, ಸಿಲಿಕೋನಿಗಿಂತ ತುಂಬ ಕಡಿಮೆ. ಹತ್ತರಲ್ಲಿ ಏಳು ಮನೆಗೆ ನಾನು ಇದನ್ನೇ ಹೇಳುತ್ತೇನೆ.

ನಮ್ಮ ಕಡೆ ಅಂಗಡಿಯಲ್ಲಿ ಕೇಳುವಾಗ ಒಂದು ಸಣ್ಣ ಕಷ್ಟ ಇದೆ. ಸುಮ್ನೆ "ಹೋಸ್" ಅಂದರೆ ಗಾರ್ಡನ್ ಹೋಸನ್ನೇ ಎತ್ತಿ ಕೊಡುತ್ತಾರೆ. "ಕುಡಿವೆಳ್ಳತ್ತಿನುಳ್ಳ ಹೋಸ್" ಅಂತ ಮಲಯಾಳದಲ್ಲೇ ಬಿಡಿಸಿ ಹೇಳಿ, ಮೈಮೇಲಿನ ಅಚ್ಚನ್ನು ನೀವೇ ಓದಿ ನೋಡಿ. ಅಚ್ಚೇ ಇಲ್ಲದ ಪೈಪನ್ನು ಬಾಯಿಮಾತಿನಲ್ಲಿ ಫುಡ್ ಗ್ರೇಡ್ ಅಂದರೆ ಹೆಚ್ಚಿನ ದುಡ್ಡು ಕೊಡಬೇಡಿ.

ಸಿಲಿಕೋನ್

ಮೆದುಕಾರಕ ಬೇಡ, ಮೊದಲಿಂದಲೇ ಮೆದು. ಬಿಸಿಲಿಗೆ ಬಿರುಸಾಗುವುದಿಲ್ಲ, ವಾಸನೆ ಇಲ್ಲ, ಕುದಿಯುವ ನೀರಿನಲ್ಲಿ ಹಾಕಿ ತೊಳೆಯಬಹುದು. ತೊಂದರೆ ಬೆಲೆಯದ್ದು, ಪಿವಿಸಿಗಿಂತ ಹಲವು ಪಟ್ಟು. ಮೃದು ಪೈಪು ಆದ್ದರಿಂದ ಒತ್ತಡಕ್ಕೂ ಅಷ್ಟಕ್ಕಷ್ಟೆ. 15 ಮೀಟರ್ ಸಿಲಿಕೋನ್ ಪೈಪಿಗೆ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ಏರ್ ಪಂಪಿನ ಸಣ್ಣ ಪೈಪಿಗೆ, ಟ್ಯಾಂಕಿನ ಹೊರಗೆ ಇಡುವ ಕ್ಯಾನಿಸ್ಟರ್ ಫಿಲ್ಟರಿನ ಒಂದೆರಡು ಮೀಟರಿಗೆ, ಹಗಲೂ ರಾತ್ರಿ ನೀರು ಮುಟ್ಟಿಕೊಂಡೇ ಇರುವ ಕಡೆಗೆ ಇದು ಸರಿ.

ಕಪ್ಪು ಪೈಪು

ಇದು ತೋಟದ ಮನೆಯವರಿಗೆ ಅಂಗಳದಲ್ಲೇ ಸಿಗುವ ಆಯ್ಕೆ. ಪಾಲಿಥೀನ್ ಪೈಪು, ಅಂದರೆ ಎಚ್‌ಡಿಪಿಇ ಅಥವಾ ಎಲ್‌ಡಿಪಿಇ. ಇದಕ್ಕೂ ಮೆದುಕಾರಕ ಬೇಡ. ನೀರು ಸರಬರಾಜಿನ ಎಚ್‌ಡಿಪಿಇ ಪೈಪಿಗೆ ಐಎಸ್ 4984 ಅನ್ನುವ ಭಾರತೀಯ ಗುಣಮಟ್ಟ ಇದೆ, ಪೈಪಿನ ಮೇಲೆ ಆ ಸಂಖ್ಯೆ ಅಚ್ಚಾಗಿರುತ್ತದೆ. ಕಪ್ಪು ಬಣ್ಣದಿಂದ ಒಳಗೆ ಬೆಳಕು ಹೋಗುವುದಿಲ್ಲ, ಪಾಚಿ ಕಟ್ಟುವುದಿಲ್ಲ. ಹುಳಿ ನೀರಿಗೆ ಏನೂ ಆಗುವುದಿಲ್ಲ.

ಆದರೆ ಬಿರುಸು. ಚಾವಡಿಯ ಒಳಗೆ ಬಾಗಿಸಿ ತರುವುದು ಕಷ್ಟ, ಬಿಸಿಲಿಗೆ ಬಿದ್ದಿದ್ದರೆ ಒಳಗಿನ ನೀರು ಕೈಗೆ ಚುರುಕು ಮುಟ್ಟುವಷ್ಟು ಕಾಯುತ್ತದೆ. ಬಾವಿಯಿಂದ ಮನೆಯ ಗೋಡೆಯವರೆಗೆ ಕಪ್ಪು ಪೈಪು, ಅಲ್ಲಿಂದ ಟ್ಯಾಂಕಿಗೆ ಮೂರು ನಾಲ್ಕು ಮೀಟರ್ ನೂಲಿನ ಪೈಪು, ಇದು ನನ್ನ ಮನೆಯ ಈಗಿನ ವ್ಯವಸ್ಥೆ. ಡ್ರಿಪ್ಪಿನ ಹಳೆಯ ಪೈಪು ಬಳಸುವ ಆಸೆ ಬಂದರೆ ಅದರಲ್ಲಿ ಗೊಬ್ಬರ ಕರಗಿಸಿ ಬಿಟ್ಟಿದ್ದಾರಾ ಅಂತ ಕೇಳಿಕೊಳ್ಳಿ, ಬಿಟ್ಟಿದ್ದರೆ ಬೇಡ.

ಇದೇ ಜಾತಿಯ ಇನ್ನೊಂದು ಅಗ್ಗದ ವಸ್ತು ಇದೆ. ನೀರಿನ ಫಿಲ್ಟರ್ ರಿಪೇರಿಯವರ ಹತ್ತಿರ ಸಿಗುವ ಕಾಲು ಇಂಚಿನ ಬಿಳಿ ಪೈಪು. ಕುಡಿಯುವ ನೀರಿಗೇ ಮಾಡಿದ್ದು. ನಿಧಾನವಾಗಿ, ಸಣ್ಣ ಎಳೆಯಲ್ಲಿ ನೀರು ತುಂಬಿಸಬೇಕಾದ ಸಿಗಡಿ ಟ್ಯಾಂಕಿಗೆ ತುಂಬ ಒಳ್ಳೆಯದು, ಹೊಸ ನೀರು ನಿಧಾನವಾಗಿ ಸೇರಿದರೆ ಅವುಗಳಿಗೆ ಆಘಾತ ಕಡಿಮೆ.

ಗೋಡೆಯಲ್ಲಿ ಕೂರಿಸುವ ಪೈಪು

ಟ್ಯಾಂಕಿನ ಹತ್ತಿರವೇ ಒಂದು ನಲ್ಲಿ ಬೇಕು ಅನ್ನುವವರಿಗೆ ಇದು. ಪ್ಲಂಬರನ್ನು ಕರೆಸುವ ಮೊದಲು ಪೈಪಿನ ಮೇಲಿನ ಸಂಖ್ಯೆ ತಿಳಿದಿರಲಿ. ಕುಡಿಯುವ ನೀರಿನ ಯುಪಿವಿಸಿ, ಅಂದರೆ ಮೆದುಕಾರಕ ಸೇರಿಸದ ಗಟ್ಟಿ ಪಿವಿಸಿ ಪೈಪಿಗೆ ಐಎಸ್ 4985, ಬಿಸಿನೀರನ್ನೂ ತಡೆಯುವ ಸಿಪಿವಿಸಿಗೆ ಐಎಸ್ 15778. ಐಎಸ್ 13592 ಅಂತ ಇದ್ದರೆ ಅದು ಕಕ್ಕಸು, ಬಚ್ಚಲು, ಮಳೆನೀರಿನ ಪೈಪು, ಅದು ತುಂಬಿಸಲು ಬೇಡ, ಟ್ಯಾಂಕಿನಿಂದ ಹೊರಗೆ ಬಿಡಲು ಆಗಬಹುದು. ಪಿವಿಸಿ ಪೈಪಿಗೆ ಹಿಂದೆ ಸೀಸದ ಸಂಯುಕ್ತ ಸೇರಿಸುತ್ತಿದ್ದರು, ಅದನ್ನು ನಿಲ್ಲಿಸಲು ಕೇಂದ್ರ ಸರಕಾರ 2021ರಲ್ಲಿ ನಿಯಮ ತಂದಿತು. ಹಾಗಾಗಿ ಮಾಡು ಬಿಚ್ಚಿದ ಮನೆಯ ಹಳೆ ಪೈಪು ಸಿಕ್ಕಿತು ಅಂತ ಜೋಡಿಸಬೇಡಿ. ತಣ್ಣೀರಿಗೆ ಯುಪಿವಿಸಿ ಸಾಕು, ಬರೀ ಮೀನಿನ ಟ್ಯಾಂಕಿಗೋಸ್ಕರ ಸಿಪಿವಿಸಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಜೋಡಿಸುವ ಸೊಲ್ಯೂಷನ್ನಿನ ಬಗ್ಗೆ ಎಚ್ಚರ ಬೇಕು. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಅಂಟಿಸುವ ದ್ರವ. ಪ್ಲಂಬರ್ "ಅರ್ಧ ಗಂಟೆಯಲ್ಲಿ ನೀರು ಬಿಡಬಹುದು" ಅಂದರೆ ಅದು ಜೋಡಣೆ ಹಿಡಿದುಕೊಳ್ಳುವ ಲೆಕ್ಕ, ಮೀನಿನ ಲೆಕ್ಕ ಅಲ್ಲ. ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ನೀರು ತುಂಬಿಸಿ ಖಾಲಿ ಮಾಡಿ, ಹೀಗೆ ಎರಡು ಸಲ. ವಾಸನೆ ಹೋದ ಮೇಲೆ ಟ್ಯಾಂಕಿಗೆ. ತಿರುಪಿನ ಜೋಡಣೆಗೆ ಟೆಫ್ಲಾನ್ ಟೇಪು ಸಾಕು, ಸೆಣಬು ಮತ್ತು ಬಣ್ಣ ಹಚ್ಚುವ ಹಳೆಯ ಪದ್ಧತಿ ಬೇಡ. ಎಲ್ಲಾದರೂ ಸಿಲಿಕೋನ್ ಅಂಟು ಹಚ್ಚುವುದಿದ್ದರೆ ಬಚ್ಚಲುಮನೆಗೆ ಮಾರುವ, ಬೂಷ್ಟು ಹಿಡಿಯದ ಹಾಗೆ ಮದ್ದು ಸೇರಿಸಿದ್ದು ಬೇಡ, ಅಕ್ವೇರಿಯಂ ಅಂತ ಬರೆದದ್ದೇ ತನ್ನಿ.

ಲೋಹದ ವಿಷಯ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಒಳಗಿನ ಲೇಪವನ್ನು ನಮ್ಮ ಹುಳಿ ನೀರು ತಿನ್ನುತ್ತದೆ, ಸತು ಮೀನಿನ ಕಿವಿರಿಗೆ ಕೆಟ್ಟದ್ದು. ಹಿತ್ತಾಳೆಯಲ್ಲಿ ತಾಮ್ರ ಮತ್ತು ಸತು ಎರಡೂ ಇವೆ, ಸೀಸವೂ ಸ್ವಲ್ಪ ಇರುವುದುಂಟು. ಮನೆಯಲ್ಲಿ ಈಗಾಗಲೇ ಹಿತ್ತಾಳೆ ನಲ್ಲಿ ಇದೆ ಅಂತ ಕಿತ್ತು ಹಾಕಬೇಡಿ. ಒಂದು ನಲ್ಲಿಯನ್ನು ದಾಟಿ ಹರಿಯುವ ನೀರಿಗೆ ಸೇರುವುದು ಏನೂ ಅಲ್ಲ, ನಿಂತ ನೀರನ್ನು ಒಂದೆರಡು ನಿಮಿಷ ಬೇರೆ ಕಡೆ ಬಿಟ್ಟರೆ ಸಾಕು. ಆದರೆ ಫಿಲ್ಟರಿನ ಸಾಲಿನಲ್ಲಿ, ಅದೇ ನೀರು ಸುತ್ತಿ ಸುತ್ತಿ ಬರುವ ಕಡೆ, ಹಿತ್ತಾಳೆಯ ವಾಲ್ವ್ ಖಂಡಿತ ಬೇಡ. ಅಲ್ಲಿ ಪ್ಲಾಸ್ಟಿಕ್ ಬಾಲ್ ವಾಲ್ವ್ ಹಾಕಿ. ಮನೆಗೆ ಇಡೀ ಹಳೆಯ ಜಿಐ ಸಾಲೇ ಇದ್ದರೆ ಟ್ಯಾಂಕಿಗೆ ಬಾವಿಯಿಂದ ನೇರ ನೀರು ತರುವುದು ಒಳ್ಳೆಯದು.

ಡ್ರಮ್ಮು ಮತ್ತು ಸಣ್ಣ ಪಂಪು

ನಲ್ಲಿಯಿಂದ ನೇರ ಬಿಡುವ ಬದಲು ಒಂದು ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟು, ಮುಳುಗುವ ಸಣ್ಣ ಪಂಪಿನಿಂದ ಟ್ಯಾಂಕಿಗೆ ಏರಿಸುವುದು ನನಗೆ ಇಷ್ಟವಾದ ದಾರಿ. ಬಾವಿಯಿಂದ, ಬೋರಿನಿಂದ ಆಗಷ್ಟೇ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ. ಒಂದು ರಾತ್ರಿ ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ ಬಿಟ್ಟರೆ ಪಿಎಚ್ ಸ್ವಲ್ಪ ಮೇಲೆ ಬಂದು ನಿಲ್ಲುತ್ತದೆ, ಕಬ್ಬಿಣದ ಅಂಶ ಇದ್ದರೆ ಕೆಂಪಗೆ ತಳಕ್ಕೆ ಕೂರುತ್ತದೆ, ನೀರಿನ ಬಿಸಿಯೂ ಕೋಣೆಗೆ ಹೊಂದಿಕೊಳ್ಳುತ್ತದೆ. ಡ್ರಮ್ಮು ಮಾತ್ರ ಹೊಸದು ಅಥವಾ ತಿನ್ನುವ ವಸ್ತು ತುಂಬಿದ್ದದ್ದು ಆಗಿರಲಿ. ಗುಜರಿಯಲ್ಲಿ ಸಿಗುವ ನೀಲಿ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ತಿಳಿಯುವ ಉಪಾಯವೇ ಇಲ್ಲ.

ಇಲ್ಲಿ ಮಳೆಗಾಲದ ಒಂದು ಅಪಾಯ ಇದೆ. ಪಂಪು ನಡೆಯುವಾಗ ಕರೆಂಟ್ ಹೋಗುತ್ತದೆ. ಪೈಪಿನ ತುದಿ ಟ್ಯಾಂಕಿನ ನೀರಿನೊಳಗೆ ಮುಳುಗಿದ್ದರೆ, ಟ್ಯಾಂಕಿನ ನೀರು ಅದೇ ಪೈಪಿನಲ್ಲಿ ವಾಪಸ್ ಡ್ರಮ್ಮಿಗೆ ಇಳಿದು, ಡ್ರಮ್ಮು ತುಂಬಿ ನೆಲಕ್ಕೆ ಹರಿಯುತ್ತದೆ. ನೀವು ಟಾರ್ಚ್ ಹುಡುಕಿ ಬರುವಾಗ ಟ್ಯಾಂಕ್ ಅರ್ಧ ಆಗಿರುತ್ತದೆ. ಹಾಗಾಗಿ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಇರಲಿ, ಟ್ಯಾಂಕಿನ ಅಂಚಿಗೆ ಕ್ಲಿಪ್ಪು ಹಾಕಿ ಕಟ್ಟಿ. ನಲ್ಲಿಯಿಂದ ನೇರ ಬಿಡುವವರಿಗೂ ಇದೇ ಮಾತು, ಯಾಕೆಂದರೆ ಸಾಲಿನಲ್ಲಿ ಒತ್ತಡ ಬಿದ್ದಾಗ ಮೀನಿನ ನೀರು ಮನೆಯ ಕುಡಿಯುವ ನೀರಿನ ಪೈಪಿಗೆ ಎಳೆದುಕೊಂಡು ಹೋಗಬಹುದು.

ಆನ್‌ಲೈನಿನಲ್ಲಿ ನಲ್ಲಿಗೆ ಸಿಕ್ಕಿಸಿ ಅದರ ಹರಿವಿನಿಂದಲೇ ಟ್ಯಾಂಕಿನ ನೀರು ಎಳೆಯುವ ಸಾಧನ ಮಾರುತ್ತಾರೆ. ಅದಕ್ಕೆ ಒಳ್ಳೆಯ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ, ನಮ್ಮ ತಾರಸಿ ಟ್ಯಾಂಕು ನಲ್ಲಿಗಿಂತ ಮೂರು ನಾಲ್ಕು ಮೀಟರ್ ಮೇಲೆ ಇರುತ್ತದೆ ಅಷ್ಟೆ. ಸರಿಯಾಗಿ ಎಳೆಯುವುದಿಲ್ಲ, ಎಳೆದರೂ ಒಳ್ಳೆಯ ನೀರು ಸಿಂಕಿಗೆ ಸುಮ್ನೆ ಹೋಗುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತುವ ಊರಿಗೆ ಅದು ಹೇಳಿದ್ದಲ್ಲ. ಅಂಗಳ ಕೆಳಗಿದ್ದು ಜಗಲಿ ಎತ್ತರ ಇರುವ ಮನೆಯಲ್ಲಿ ಬರೀ ಸೈಫನ್ ಸಾಕು, ಟ್ಯಾಂಕಿನ ಗೊಬ್ಬರದ ನೀರು ನೇರ ಬಾಳೆಗೆ ಹೋಗುತ್ತದೆ. ಸೈಫನ್ ಶುರು ಮಾಡಲು ಬಾಯಿಯಿಂದ ಎಳೆಯಬೇಡಿ, ಪೈಪನ್ನೇ ನೀರು ತುಂಬಿಸಿ ಹೆಬ್ಬೆರಳು ಒತ್ತಿ ಇಳಿಬಿಡಿ. ನೀರು ತೆಗೆಯುವ ಮೊದಲು ಫಿಲ್ಟರಿನ ಪ್ಲಗ್ಗು ಕಿತ್ತಿಡಿ. ಹೀಟರ್ ಇದ್ದರೆ ಹದಿನೈದು ನಿಮಿಷ ಮೊದಲೇ ಆರಿಸಿ, ಬಿಸಿ ಗಾಜು ನೀರಿನಿಂದ ಹೊರಬಂದರೆ ಒಡೆಯುತ್ತದೆ.

ಆ ಮೂವರಿಗೆ ಹೇಳಿದ್ದು

ಪೇಟೆಯ ಗೆಳೆಯನಿಗೆ ಪೈಪಿಗಿಂತ ದೊಡ್ಡ ವಿಷಯ ಕ್ಲೋರಿನ್. ಎಷ್ಟು ಒಳ್ಳೆಯ ಪೈಪು ತಂದರೂ ನಲ್ಲಿಯಿಂದ ನೇರ ಬಿಟ್ಟರೆ ಕಿವಿರು ಸುಡುತ್ತದೆ. ಅವನದ್ದು ಎರಡು ಅಡಿಯ ಟ್ಯಾಂಕ್, ಫ್ಲ್ಯಾಟಿನಲ್ಲಿ ಡ್ರಮ್ಮಿಡಲು ಜಾಗ ಇಲ್ಲ. ಬಕೆಟ್ಟು, ಆ್ಯಂಟಿ ಕ್ಲೋರಿನ್, ತೆಗೆಯಲು ಎರಡು ಮೀಟರ್ ಲೆವೆಲ್ ಪೈಪು. ಅಷ್ಟೇ ಖರ್ಚು.

ಪೆರ್ಲದ ಹುಡುಗನ ಸುರಂಗದ ನೀರು ಗುಡ್ಡದಿಂದ ತಾನಾಗಿ ಇಳಿದು ಬರುತ್ತದೆ, ಪಂಪಿನ ಖರ್ಚಿಲ್ಲ, ಸಾಲಿನಲ್ಲಿ ನೀರು ನಿಲ್ಲುವುದೂ ಇಲ್ಲ. ಅವನು ಸಾಕಿರುವುದು ಮಿಸ್ ಕೇರಳ ಮೀನು, ನಮ್ಮ ಘಟ್ಟದ ಹೊಳೆಗಳದ್ದೇ, ತಣ್ಣಗಿನ ಹರಿಯುವ ನೀರು ಬೇಕು ಅದಕ್ಕೆ. ಗುಡ್ಡದಿಂದ ಬರುವ ಕಪ್ಪು ಪೈಪು ಇರುವುದೇ ಸಾಕು, ಅದರ ಮೇಲೆ ಸೋಗೆ ಅಥವಾ ಮಣ್ಣು ಹಾಕಿ ನೆರಳು ಮಾಡಲು ಹೇಳಿದೆ. ಒಳಗೆ ನಾಲ್ಕು ಮೀಟರ್ ಫುಡ್ ಗ್ರೇಡ್ ನೂಲಿನ ಪೈಪು. ಮಧ್ಯಾಹ್ನ ಬೇಡ, ಬೆಳಿಗ್ಗೆ ಬಿಡಲಿ.

ಮೇಷ್ಟ್ರ ಮನೆಯಲ್ಲಿ ನಾಲ್ಕು ಅಡಿಯ ಟ್ಯಾಂಕ್, ಜೊತೆಗೆ ಒಂದು ಸಿಗಡಿ ಟ್ಯಾಂಕ್. ತಾರಸಿಯ ನೀರು ಬೇಸಿಗೆಯ ಮಧ್ಯಾಹ್ನ ಕಾದಿರುತ್ತದೆ, ಮನೆಯೊಳಗಿನ ಪೈಪು ಹಳೆಯ ಜಿಐ. ಹೊಸ ಗೋಡೆ ಪೈಪು ಬೇಡ ಅಂದೆ. ಬಾವಿಯಿಂದಲೇ ಒಂದು ಡ್ರಮ್ಮಿಗೆ ನೀರು, ಒಂದು ರಾತ್ರಿ ಗಾಳಿ, ಸಣ್ಣ ಪಂಪು, ನೂಲಿನ ಪೈಪು. ಸಿಗಡಿಗೆ ಅದೇ ಡ್ರಮ್ಮಿನಿಂದ ಕಾಲು ಇಂಚಿನ ಬಿಳಿ ಪೈಪು. ಮಳೆಗಾಲದಲ್ಲಿ ಆರೋಗ್ಯ ಇಲಾಖೆಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗುತ್ತಾರೆ. ಆ ವಾರ ಟ್ಯಾಂಕಿಗೆ ನೀರು ಬದಲಿಸುವುದು ಬೇಡ, ಅನಿವಾರ್ಯವಾದರೆ ಆ್ಯಂಟಿ ಕ್ಲೋರಿನ್ ಹಾಕಿಯೇ ಬಿಡಬೇಕು. ಬಾವಿ ನೀರಿಗೆ ಕ್ಲೋರಿನ್ ಇಲ್ಲ ಅನ್ನುವ ಅಭ್ಯಾಸದಲ್ಲಿ ಇದನ್ನು ಮರೆಯುವುದು ತುಂಬ ಸುಲಭ.

ಕೆಲಸ ಮುಗಿದ ಮೇಲೆ ಪೈಪಿನ ಒಂದು ತುದಿಯನ್ನು ಎತ್ತರದ ಮೊಳೆಗೆ ಸಿಕ್ಕಿಸಿ ಇನ್ನೊಂದು ತುದಿ ಕೆಳಗೆ ಬಿಟ್ಟು ಪೂರ್ತಿ ಬಸಿಯಲು ಬಿಡಿ, ಸುರುಳಿ ಸುತ್ತಿ ನೀರು ಸಮೇತ ಮೂಲೆಗೆ ಹಾಕಬೇಡಿ. ನಾನು ನನ್ನ ಪೈಪಿನ ಎರಡು ತುದಿಗೂ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದೇನೆ. ಮದ್ದು ಬಿಡಲು ಬರುವವರಿಗೆ, ಮನೆಯ ಮಕ್ಕಳಿಗೆ, ಎಲ್ಲರಿಗೂ ಹೇಳಿಟ್ಟಿದ್ದೇನೆ: ಕೆಂಪು ಟೇಪಿನ ಪೈಪು ಮೀನಿನದ್ದು, ಅದನ್ನು ಅಂಗಳಕ್ಕೆ ತರಬೇಡಿ.